ಬಾಣಂತನದ ಕೋಳಿ ಮತ್ತು ಹಿಡಿ ಮಣ್ಣು

ಏಳು ತಿಂಗಳ ಬಸುರಿಯಾಗಿ ನಾನು ಮದ್ದೂರು ಕಡೆಯ ನಮ್ಮೂರಿಗೆ ಬಂದಿಳಿದಾಗ ಅವ್ವ ಒಂದು ಲೋಟ ನೀರು ಕೊಡುವ ಮೊದಲೇ ಹಿತ್ತಲಿಗೆ ಕರೆದುಕೊಂಡು ಹೋಗಿ ಕೋಳಿ ತೋರಿಸಿದಳು.

"ಇವೆಲ್ಲ ನಿನ್ ಬಾಣಂತನಕ್ಕೆ ಕಣವ್ವ. ಅಂಗಡಿ ಬಿಳಿ ಕೋಳಿ ತಿಂದ್ರೆ ಸೊಂಟ ನಿಂತದಾ?"

ಅವುಗಳಲ್ಲಿ ಒಂದು ಕರಿ ಹ್ಯಾಟೆ, ಇನ್ನೂ ಮೊಟ್ಟೆಗೆ ಬಾರದ ಹರೆಯದ ಕೋಳಿ, ಅವ್ವನ ಕಣ್ಣಿನ ಗೊಂಬೆ. ಹೆರಿಗೆಯಾದ ಮೇಲೆ ಮೊದಲ ಸಾರು ಅದರದೇ ಎಂದು ನಿಶ್ಚಯವಾಗಿತ್ತು. ಹೆರಿಗೆ ಯಾವ ಆಸ್ಪತ್ರೆಯಲ್ಲಿ ಎಂಬುದಿನ್ನೂ ನಿಶ್ಚಯವಾಗಿರಲಿಲ್ಲ.

ಪಿತೃಪಕ್ಷ ಆಗಷ್ಟೇ ಮುಗಿದಿತ್ತು. ನಮ್ಮ ಕಡೆ ಪಕ್ಷವೆಂದರೆ ಹಿರಿಯರಿಗೆ ಎಡೆ, ಎಡೆಯೆಂದರೆ ಮಾಂಸ. ದಿನಕ್ಕೊಂದಿಷ್ಟು ಮನೆಯಂತೆ ಮೂಳೆ ಬೀದಿಗೆ ಬೀಳುತ್ತದೆ. ಎಲ್ಲೆಲ್ಲಿಯ ನಾಯಿಗಳೋ ಬಂದು ಸೇರುತ್ತವೆ. ಪಕ್ಷ ಮುಗಿದು ಮೂಳೆ ನಿಂತಿತು, ನಾಯಿಗಳು ಹೋಗಲಿಲ್ಲ. ರುಚಿ ಹತ್ತಿಸಿದ್ದು ಊರಿಗೆ ಊರೇ. ಈಗ ಕೇಳಿದರೆ "ನಮ್ ನಾಯಲ್ಲ ಬುಡು" ಎಂದು ಎಲ್ಲರೂ ಬಾಗಿಲು ಹಾಕಿಕೊಳ್ಳುವವರೇ.

ಅವ್ವ ಬೇಲಿಗೆ ಜಾಲಿಮುಳ್ಳು ಬಿಗಿದಳು. ಸಂದುಗಳಿಗೆ ಹಳೆ ಸೀರೆ ತುರುಕಿದಳು. ಸಂಜೆಯಾದರೆ ಕೋಳಿಗಳ ಮೇಲೆ ಮಂಕರಿ ಕವುಚಿ, ಅದರ ಮೇಲೆ ಗುಂಡುಕಲ್ಲು ಹೇರಿದಳು. ಆದರೂ ಹಗಲು ಮೇಯಲು ಬಿಟ್ಟಾಗ ಎರಡು ಹೋದವು. ಪುಕ್ಕ ಸಿಕ್ಕಿತು, ಕೋಳಿ ಸಿಗಲಿಲ್ಲ.

"ನಾಯಿಗೆ ಇಷ್ಟು ಬುದ್ಧಿ ಎಲ್ಲಿಂದ ಬತ್ತದೆ? ಯಾರೋ ಛೂ ಬುಡ್ತಾವ್ರೆ" ಎಂದಳು ಅವ್ವ. ಹಾಗೆಂದು ಪಕ್ಕದ ಮೋಟುಗೋಡೆಯ ಕಡೆ ನೋಡಿದಳು.

ಆ ಗೋಡೆಯ ಆಚೆ ನನ್ನ ಚಿಕ್ಕಮ್ಮನ ಮನೆ. ಅಪ್ಪ, ಚಿಕ್ಕಪ್ಪ ಭಾಗವಾದ ಮೇಲೆ ಎದ್ದ ಗೋಡೆ ಅದು. ಅಣ್ಣತಮ್ಮಂದಿರು ಹೇಗೋ ಮಾತಾಡಿಕೊಂಡಿದ್ದರು, ವಾರಗಿತ್ತಿಯರಿಬ್ಬರ ನಡುವೆ ಮಾತಿರಲಿಲ್ಲ. ಚಿಕ್ಕಮ್ಮ ಮಿಕ್ಕ ಮುದ್ದೆಯನ್ನು ಒಂದು ಕಂದು ನಾಯಿಗೆ ಹಾಕುತ್ತಿದ್ದಳು. ಅವ್ವನಿಗೆ ಅಷ್ಟು ಸಾಕಾಯಿತು. ಚಿಕ್ಕಮ್ಮ ಕೆಮ್ಮಿದರೆ ಅದು ನಾಯಿಗೆ ಸನ್ನೆ. ಸುಮ್ಮನಿದ್ದರೆ ಏನೋ ಸಂಚು. ನಿಜ ಹೇಳುತ್ತೇನೆ, ಕೇಳಿ ಕೇಳಿ ನನಗೂ ಅನುಮಾನ ಅಂಟಿಕೊಂಡಿತು. ಚಿಕ್ಕಮ್ಮ ನನ್ನ ಹೊಟ್ಟೆ ನೋಡಿ ನಕ್ಕರೆ, ಯಾಕೆ ನಕ್ಕಳು ಎಂದು ಲೆಕ್ಕ ಹಾಕುತ್ತಿದ್ದೆ.

"ಅವ್ಳು ಏನ್ ಕೊಟ್ರೂ ಬಾಯಿಗಾಕ್ಬೇಡ. ಮದ್ದು ಆಕುದ್ರೆ ಗೊತ್ತಾಗಕಿಲ್ಲ" ಎಂದು ಅವ್ವ ಪ್ರತಿದಿನ ಪಾಠ ಒಪ್ಪಿಸುತ್ತಿದ್ದಳು. ಊಟದಲ್ಲಿ ಮದ್ದು ಹಾಕಿ ಹೊಟ್ಟೆಯೊಳಗೇ ಕೊಲ್ಲುತ್ತಾರೆಂಬ ಭಯ ನಮ್ಮೂರಿನಲ್ಲಿ ಮೊಬೈಲು ಬಂದ ಮೇಲೂ ಹೋಗಿಲ್ಲ.

ಅವತ್ತು ಅವ್ವ ಕೋಳಿಗೂಡಿಗೆ ಕಂಬಿಬಲೆ ತರಲು ಬೆಳಿಗ್ಗೆಯೇ ಮದ್ದೂರಿಗೆ ಹೋದಳು. ಕಾಲು ಊದಿಕೊಂಡು ನಾನು ನಡುಮನೆಯಲ್ಲಿ ಮಲಗಿದ್ದೆ. ಹಿತ್ತಲಲ್ಲಿ ನಾಯಿ ಬೊಗಳಿತು, ಚಿಕ್ಕಮ್ಮ ಗದರಿದ್ದು ಕೇಳಿಸಿತು. ನಾನು ಎದ್ದು ಹೋಗುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನ ಚಿಕ್ಕಮ್ಮ ಗೋಡೆಯ ಮೇಲಿಂದ ತಟ್ಟೆ ಚಾಚಿದಳು. ಬಿಸಿ ಮುದ್ದೆ, ನಾಟಿಕೋಳಿ ಸಾರು.

"ಉಣ್ಣು ಮಗ. ನಿಮ್ಮವ್ವಂಗೆ ಏಳ್ಬೇಡ."

ಹೇಳಬೇಡ ಎಂದದ್ದೇ ನನಗೆ ಚುಚ್ಚಿತು. ತಟ್ಟೆ ಹಿಡಿದು ಒಳಗೆ ಬಂದು ಮೂಸಿ ನೋಡಿದೆ. ಬಣ್ಣ ನೋಡಿದೆ. ಚೆಲ್ಲಿಬಿಡಲೇ ಎಂದುಕೊಂಡೆ. ಆದರೆ ಬಸುರಿಯ ಬಯಕೆಗೆ ಮಾನ ಮರ್ಯಾದೆ ಎಲ್ಲಿಯದು? ಮೂಳೆ ಕೂಡ ಬಿಡದೆ ಚೀಪಿದೆ. ತಿಂದಾದ ಮೇಲೆ ಹೊಟ್ಟೆಯೊಳಗೆ ಮಗು ಒದೆಯುತ್ತದೋ ಇಲ್ಲವೋ ಎಂದು ಕೈಯಿಟ್ಟುಕೊಂಡು ಕೂತೆ. ಒದೆಯಿತು.

ಸಂಜೆ ಅವ್ವ ಬಂದವಳೇ ಕೋಳಿ ಎಣಿಸಿದಳು. ಕರಿ ಹ್ಯಾಟೆ ಇರಲಿಲ್ಲ. ಗೋಡೆಯ ಬುಡದಲ್ಲಿ ಕರಿ ಪುಕ್ಕ. ಕಂಬಿಬಲೆಯ ಸುರುಳಿಯನ್ನು ಅಲ್ಲೇ ಎಸೆದು, ಬೀದಿಗೆ ನಡೆದು, ಚಿಕ್ಕಮ್ಮನ ಬಾಗಿಲಿಗೆ ಎದುರಾಗಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ನಾನು ಹೊಸಿಲಲ್ಲಿ ಗೋಡೆ ಹಿಡಿದು ನಿಂತೆ. ಮಣ್ಣು ತೂರಿ ಶಪಿಸಿದರೆ ತಟ್ಟದೆ ಇರುವುದಿಲ್ಲ ಎಂಬುದು ನಮ್ಮ ಹೆಂಗಸರ ನಂಬಿಕೆ.

"ನನ್ ಮಗಳ ಬಾಣಂತನುಕ್ ಮಡಗಿದ್ ಯಾಟೆ. ಅದುನ್ನ ತಿಂದೋರ್ ಒಟ್ಟೆ ಉರಿದೋಗ್ಲಿ, ತಾಯಿ ಮಾರವ್ವ" ಎಂದು ಅವ್ವ ಕೈ ಎತ್ತಿದಳು.

ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಚಿಕ್ಕಮ್ಮ ಓಡಿ ಬಂದಳು. ಅವಳು ನೋಡಿದ್ದು ಅವ್ವನನ್ನಲ್ಲ, ನನ್ನನ್ನು.

"ಅಕ್ಕ, ತೂರ್ಬೇಡ. ನಂಗೇನಾರಾ ಬೈಕೊ, ಮಣ್ಣ್ ಮಾತ್ರ ತೂರ್ಬೇಡ."

"ಯಾಕೆ, ತಟ್ಟದೆ ಅಂತ ಭಯವಾ?"

ನಾನು ಹೋಗಿ ಅವ್ವನ ಮುಷ್ಟಿಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದೆ. "ತಿಂದವಳು ನಾನು ಕಣವ್ವ."

ಅವ್ವ ಚಿಕ್ಕಮ್ಮನ ಕಡೆ ತಿರುಗಿದಳು. ಚಿಕ್ಕಮ್ಮ ತಲೆ ತಗ್ಗಿಸಿ ಹೇಳಿದಳು. "ನಾಯಿ ಕತ್ತಿಗೆ ಬಾಯಾಕಿತ್ತು ಕಣಕ್ಕ. ಕಿತ್ಕೊಂಡೆ, ಉಳಿಯಂಗಿರ್ಲಿಲ್ಲ. ಸತ್ ಕೋಳಿ ತಂದ್ ಕೊಟ್ಟಿದ್ರೆ ನಾನೇ ಕತ್ತು ಇಸುಕ್ದೆ ಅಂತಿದ್ದೆ. ಅವ್ಳಿಗೆ ಅಂತ ಸಾಕಿದ್ದು, ಅವ್ಳ ಒಟ್ಟೆಗೇ ಓಗ್ಲಿ ಅಂತ ಬೇಸ್ಬುಟ್ಟೆ."

ಬೀದಿಯ ಜನ ಆಗಲೇ ಜಗುಲಿಗೆ ಬಂದಿದ್ದರು. ಅವ್ವನ ಮುಷ್ಟಿ ಬಿಗಿದೇ ಇತ್ತು. ತೂರುವಂತಿಲ್ಲ, ಬಿಟ್ಟರೆ ಮಣ್ಣು ನನ್ನ ಕಾಲ ಮೇಲೇ ಬೀಳುತ್ತದೆ. ಚಿಕ್ಕಮ್ಮ ಒಳಗಿಂದ ಚೊಂಬು ತಂದು, ಅವ್ವನನ್ನು ಮೋರಿಯ ಹತ್ತಿರ ನಿಲ್ಲಿಸಿ, ಮಣ್ಣೆಲ್ಲ ಹೋಗುವವರೆಗೆ ಆ ಕೈಮೇಲೆ ನೀರು ಹೊಯ್ದಳು.

ಕೈಯೇನೋ ತೊಳೆದದ್ದಾಯಿತು. ಬಾಯಿಂದ ಬಂದ ಮಾತು? ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳದೆ ನೇರವಾಗಿ, ಭಾಗವಾದ ಮೇಲೆ ಮೊದಲ ಸಲ, ಆ ಮನೆಯೊಳಗೆ ಹೋಗಿ ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಸಾರು ಮಿಕ್ಕದಾ?"

"ಅದೆ ಕಣಕ್ಕ. ಯಾಕೆ?"

"ತಿಂದೋರ್ ಒಟ್ಟೆ ಅಂತ ಅಂದ್ಬುಟ್ಟಿವ್ನಿ. ಅವ್ಳೊಬ್ಳೇ ತಿಂದಂಗಾಗ್ಬಾರ್ದು, ನಂಗೂ ಇಕ್ಕು."

ಚಿಕ್ಕಮ್ಮ ಎರಡು ತಟ್ಟೆ ಹಾಕಿದಳು, ಎರಡನೆಯದು ತನಗೆ.