ಆಂಟಿ ಹಾಸಿದ ಚಾಪೆಗಳು

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ಶಿಡ್ಲಘಟ್ಟದ ನಮ್ಮ ಬೀದಿಗೆ ಅದರದೇ ಒಂದು ವಾಸನೆ ಇತ್ತು. ಬೆಂದ ರೇಷ್ಮೆಗೂಡಿನ ವಾಸನೆ. ಹೊರಗಿನಿಂದ ಬಂದವರು ಮೂಗಿಗೆ ಸೆರಗು ಹಿಡಿಯುತ್ತಿದ್ದರು. ನಮಗೆ ಮಾತ್ರ ಅದು ಅನ್ನ ಬೇಯುವ ವಾಸನೆಯಷ್ಟೇ ಸಹಜವಾಗಿತ್ತು. ನಮ್ಮ ಹಿತ್ತಲಲ್ಲೇ ಅಪ್ಪನ ನೂಲು ಬಿಚ್ಚುವ ಶೆಡ್ಡು. ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಕೂದಲಿಗಿಂತ ತೆಳುವಾದ ಎಳೆ ಎದ್ದು ಬರುವುದನ್ನು ನೋಡುತ್ತಾ ನಾನೂ ಅಕ್ಕನೂ ಎಷ್ಟೋ ಹೊತ್ತು ನಿಂತುಬಿಡುತ್ತಿದ್ದೆವು.

ಹಾಗೆ ಬಿಚ್ಚಿದ ನೂಲನ್ನು ಕೊಂಡು ಬೊಂಬಾಯಿಗೆ ಕಳಿಸುವ ಏಜೆಂಟರೊಬ್ಬರು ನಮ್ಮ ಬೀದಿಯಲ್ಲೇ ಮನೆ ಹಿಡಿದರು. ಅವರನ್ನು ನಾವು ಮಕ್ಕಳು ಅಂಕಲ್ ಎಂದೂ ಅವರ ಹೆಂಡತಿಯನ್ನು ಆಂಟಿ ಎಂದೂ ಕರೆಯುತ್ತಿದ್ದೆವು. ಅವರಿಗೆ ಒಬ್ಬನೇ ಮಗ, ನನಗಿಂತ ಚಿಕ್ಕವನು. ಮನೆಯಲ್ಲಿ ಅವನನ್ನು ಬಾಳ ಎನ್ನುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ಮಗು ಅಂತೆ.

ಅವರು ಬೊಂಬಾಯಿ ಕಡೆಯ ಯಹೂದಿಗಳು. ಯಹೂದಿಗಳೆಂದರೆ ಯಾರೆಂದು ನಮ್ಮ ಬೀದಿಗೆ ಗೊತ್ತಿರಲಿಲ್ಲ. ನಾನೂ ಅಕ್ಕನೂ ಚಿಕ್ಕಬಳ್ಳಾಪುರದ ಕಾನ್ವೆಂಟಿಗೆ ಬಸ್ಸಿನಲ್ಲಿ ಹೋಗುತ್ತಿದ್ದುದರಿಂದ ಸಿಸ್ಟರ್ ಹೇಳಿದ ಬೈಬಲ್ ಕಥೆಗಳಲ್ಲಿ ಅವರ ಹೆಸರು ಕೇಳಿದ್ದೆವು. ‘ಮೋಶೆ ಕಡೆಯವರು ಕಣಮ್ಮಾ’ ಎಂದು ಅಕ್ಕ ಬಿಡಿಸಿ ಹೇಳಿದಾಗ ಅಮ್ಮ, ‘ಯಾವೂರು ಮೋಶೆನೋ ಏನೋ, ಪಾತ್ರೆ ಮಾತ್ರ ಬೆಳ್ಳಿ ಹಂಗೆ ಬೆಳಗ್ತಾಳೆ ಕಣೇ ಆವಮ್ಮ’ ಎಂದಳು. ಅಷ್ಟಕ್ಕೆ ಅಮ್ಮನಿಗೆ ಅವರು ನಮ್ಮವರಾದರು.

ನನಗೆ ಮಾತ್ರ ಆ ಮನೆಯಲ್ಲಿ ಬೇರೊಂದು ಬೆರಗು ಕಾದಿತ್ತು. ಬಾಳ ಬೆಳಿಗ್ಗೆ ಕಣ್ಣುಬಿಟ್ಟ ಕೂಡಲೇ, ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲು, ದೇವರಿಗೆ ಥ್ಯಾಂಕ್ಸ್ ಹೇಳಬೇಕಿತ್ತು. ‘ರಾತ್ರಿ ಜೀವ ಅವನ ಹತ್ರ ಇಡ್ತೀವಿ ನಾ? ಬೆಳಿಗ್ಗೆ ಹಿಂದಕ್ಕೆ ಕೊಡ್ತಾನೆ. ಅದಕ್ಕೆ’ ಎಂದು ಆಂಟಿ ತಮ್ಮ ಹೊಸ ಕನ್ನಡದಲ್ಲಿ ಹೇಳಿದ್ದರು. ಹಣ್ಣು ಕೊಟ್ಟರೂ ಬಾಳ ತಕ್ಷಣ ತಿನ್ನುತ್ತಿರಲಿಲ್ಲ. ಕೈಯಲ್ಲಿ ಹಿಡಿದು ಒಂದು ಗಳಿಗೆ ನೋಡುತ್ತಿದ್ದ.

‘ಲೋ, ಅದೇನೋ ಹಂಗ್ ನೋಡ್ತೀಯ? ಹುಳ ಇದೆಯೇನೋ?’ ಎಂದು ಅಕ್ಕ ರೇಗಿಸುತ್ತಿದ್ದಳು.

‘ಮರದ್ದಾ, ನೆಲದ್ದಾ ಅಂತ ನೋಡ್ತಾನೆ’ ಎಂದು ಆಂಟಿ ನಕ್ಕರು. ಮರದ ಹಣ್ಣಿಗೆ ಥ್ಯಾಂಕ್ಸಿನ ಒಂದು ಮಾತು, ನೆಲದಿಂದ ಬಂದದ್ದಕ್ಕೆ ಇನ್ನೊಂದು. ಮಾವು ಮರದ್ದು. ಬಾಳೆಯ ಹಣ್ಣು ಮಾತ್ರ ನೆಲದ್ದು, ಏಕೆಂದರೆ ಗೊನೆ ಕೊಟ್ಟ ಮೇಲೆ ಆ ಗಿಡ ಉಳಿಯುವುದಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಚಾಕ್ ಕೊಟ್ಟರೂ ಏಟು ಕೊಟ್ಟರೂ ಒಂದೇ ರಾಗದಲ್ಲಿ ‘ಥ್ಯಾಂಕ್ಯೂ ಸಿಸ್ಟರ್’ ಎನ್ನುತ್ತಿದ್ದೆವು. ಕೈಗೆ ಬಂದದ್ದನ್ನು ಮೊದಲು ನೋಡಬೇಕು, ಎಲ್ಲಿಂದ ಬಂತೆಂದು ತಿಳಿಯಬೇಕು, ಆಮೇಲೆ ಮಾತು ಎಂಬುದು ನನಗೆ ಗೊತ್ತಾದದ್ದು ಆಂಟಿಯ ಮನೆಯ ಜಗಲಿಯ ಮೇಲೆ.

ಆ ಬೇಸಿಗೆಯಲ್ಲಿ ಬಾಳನಿಗೆ ಟೈಫಾಯ್ಡ್ ಬಂತು. ಅಪ್ಪ ಶೆಡ್ಡಿನ ಕೆಲಸ ಬಿಟ್ಟು, ಗೊತ್ತಿದ್ದವರ ಕಾರು ಕೇಳಿ ತಂದು, ಅವನನ್ನು ಮಡಿಲಲ್ಲಿ ಮಲಗಿಸಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದ. ಮನೆಗೆ ಬಂದ ಮೇಲೂ ಜ್ವರ ಪೂರ್ತಿ ಬಿಟ್ಟಿರಲಿಲ್ಲ. ಅಮ್ಮ ಹೊತ್ತು ಹೊತ್ತಿಗೆ ಗಂಜಿ ಕಾಸಿ ಕಳಿಸಿದಳು. ಬೇರೆಯವರ ಮನೆಯಲ್ಲಿ ನೀರನ್ನೂ ಕುಡಿಯದ ಎದುರುಮನೆ ದೊಡ್ಡಮ್ಮ, ಅವನ ತಲೆಯ ಹತ್ತಿರ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಮೂಲೆಮನೆಯ ಬೀಬಮ್ಮ ಮುರುಗಮಲ್ಲದ ದರ್ಗಾಕ್ಕೆ ಹೋಗಿ ದಾರ ತಂದು ಮಂಚದ ಕಾಲಿಗೆ ಕಟ್ಟಿದಳು. ಆಂಟಿ ಯಾವುದಕ್ಕೂ ಬೇಡ ಎನ್ನಲಿಲ್ಲ.

ಬಾಳ ಎದ್ದು ಓಡಾಡುವಷ್ಟರಲ್ಲಿ ಅಂಕಲ್ಲಿಗೆ ಕಂಪನಿಯವರು ಬೊಂಬಾಯಿಗೆ ವಾಪಸು ಬರಲು ಹೇಳಿಕಳಿಸಿದರು. ಸೋಮವಾರ ಬೆಳಿಗ್ಗೆ ಅವರು ಹೊರಡುವುದೆಂದಾಯಿತು. ಮಗ ಉಳಿದರೆ ಅವಲಕ್ಕಿಯ ಮಲಿದಾ ಮಾಡಿ ದೇವರಿಗೆ ಥ್ಯಾಂಕ್ಸ್ ಹೇಳುತ್ತೇನೆಂದು ಆಂಟಿ ಹರಕೆ ಹೊತ್ತಿದ್ದರು. ಅದನ್ನು ಹೊರಡುವ ಮುಂಚೆ ಇಲ್ಲೇ, ಈ ಬೀದಿಯಲ್ಲೇ ತೀರಿಸಬೇಕೆಂದು ಅವರ ಹಟ.

ಭಾನುವಾರ ಮಧ್ಯಾಹ್ನ ನಾನು ಅಲ್ಲಿಗೆ ಹೋದಾಗ ಆಂಟಿ ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ ಕಲಸುತ್ತಿದ್ದರು. ಮೊಣಕೈವರೆಗೂ ತುರಿ ಅಂಟಿತ್ತು. ಅಗಲವಾದ ತಟ್ಟೆಯಲ್ಲಿ ಅವಲಕ್ಕಿಯನ್ನು ಗುಡ್ಡದಂತೆ ಒಟ್ಟಿ, ಸುತ್ತ ಬಾಳೆಹಣ್ಣು, ದ್ರಾಕ್ಷಿ, ಖರ್ಜೂರ ಜೋಡಿಸಿ, ಮೇಲೆ ಗುಲಾಬಿ ಇಟ್ಟರು. ಪಕ್ಕದಲ್ಲಿ ಒಂದು ಹಿಡಿ ಕಾಮಕಸ್ತೂರಿ. ‘ವಾಸನೆ ಕೊಟ್ಟಿದ್ದಕ್ಕೂ ಬೇರೆ ಥ್ಯಾಂಕ್ಸ್ ಇದೆ’ ಎಂದರು. ಎಲೀಯ ಎಂಬ ಪ್ರವಾದಿಯನ್ನು ನೆನೆದು ಮಾಡುವ ಪೂಜೆಯಂತೆ ಅದು.

‘ಈ ಥ್ಯಾಂಕ್ಸ್ ಒಬ್ಬರೇ ಹೇಳಬಾರದು’ ಎಂದರು ಆಂಟಿ. ‘ಹತ್ತು ಜನ ಎದುರಿಗೆ ಬೇಕು. ನಮ್ಮವರೇ ಬೇಕು, ಗಂಡಸರು. ಇಲ್ಲಿ ಎಲ್ಲಿಂದ ತರಲಿ? ನನ್ನ ಮಗನನ್ನು ನೋಡಿಕೊಂಡವರು ಕೂತರೆ ಸಾಕು. ದೇವರು ಒಪ್ಪಿಕೊಳ್ತಾನೆ.’

ಬೀಬಮ್ಮನ ಮನೆಯಿಂದ ತಂದ ಚಾಪೆಗಳನ್ನು ಅವರು ನಡುಮನೆಯ ತುಂಬ ಹಾಸಿದರು. ಸುಕ್ಕು ಕಂಡಲ್ಲೆಲ್ಲ ಬಗ್ಗಿ ಅಂಗೈಯಲ್ಲಿ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, ‘ನಂದು ಕನ್ನಡ ಸರಿ ಇಲ್ಲ. ದೊಡ್ಡವರ ಹತ್ರ ತಪ್ಪು ಮಾತಾಡಿದರೆ? ನೀನು ಚೆನ್ನಾಗಿ ಹೇಳ್ತಿ. ಎಲ್ಲರ ಮನೆಗೂ ಹೋಗಿ ಸಂಜೆ ಬನ್ನಿ ಅಂತ ಹೇಳ್ತೀಯಾ?’ ಎಂದು ಕೇಳಿದರು.

ನಾನು ಹೆಮ್ಮೆಯಿಂದ ಹೊರಟೆ. ಮೊದಲು ಎದುರುಮನೆಗೆ ಹೋದೆ. ದೊಡ್ಡಮ್ಮ ಅಕ್ಕಿ ಆರಿಸುತ್ತಿದ್ದಳು. ‘ಬರದೆ ಇರ್ತೀನಾ? ನನ್ ಕಣ್ ಮುಂದೆ ಎದ್ದು ಕೂತ ಕೂಸು ಅದು. ಆವಮ್ಮ ಯಾವಾಗ ಬರ್ತಾಳಂತೆ ಕರೆಯೋಕೆ?’

‘ಕರೆಯೋಕೆ ನನ್ನೇ ಕಳ್ಸಿದಾರೆ ದೊಡ್ಡಮ್ಮ.’

‘ಅಯ್ಯೋ ನಿನ್ ಬಿಡೇ, ಪುಟಾಣಿ! ಕುಂಕುಮ ಇಡೋಕೆ ಬರ್ತಾಳಲ್ಲ, ಅದು ಕೇಳಿದ್ದು. ಬರ್ತಾಳೆ ಬಿಡು.’

ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಮಾತು. ಆಗೆಲ್ಲ ನಮ್ಮೂರಲ್ಲಿ ಶುಭಕಾರ್ಯಕ್ಕೆ ಮನೆಯ ಹೆಂಗಸೇ ಕುಂಕುಮದ ಭರಣಿ ಹಿಡಿದು ಬಂದು, ಹಣೆಗಿಟ್ಟು ಕರೆಯಬೇಕಿತ್ತು. ಮಕ್ಕಳು ಬಂದು ಹೇಳಿದರೆ ಅದು ಸುದ್ದಿಯೇ ಹೊರತು ಕರೆಯಲ್ಲ. ಆಂಟಿಯ ಮನೆಯಲ್ಲಿ ಕುಂಕುಮವೇ ಇರಲಿಲ್ಲ, ಅವರಲ್ಲಿ ಅದು ಇಲ್ಲ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನನಗೂ ಹೊಳೆಯಲಿಲ್ಲ. ದೊಡ್ಡಮ್ಮ ‘ಬರದೆ ಇರ್ತೀನಾ’ ಎಂದದ್ದಷ್ಟನ್ನೇ ಕೇಳಿಸಿಕೊಂಡು, ‘ಎಲ್ರೂ ಬರ್ತಾರಂತೆ ಆಂಟಿ’ ಎಂದು ಬಂದು ಹೇಳಿದೆ.

ಸಂಜೆಯಾಯಿತು. ಮೊದಲು ಬಂದವಳು ಬೀಬಮ್ಮ, ಜೊತೆಗೆ ಅವಳ ಅತ್ತೆ. ಕುಂಕುಮಕ್ಕೆ ಕಾಯುವ ಪದ್ಧತಿ ಅವರಲ್ಲಿ ಇರಲಿಲ್ಲವಲ್ಲ. ಆಮೇಲೆ ಯಾರೂ ಬರಲಿಲ್ಲ. ಅಂಕಲ್ ಬಿಳಿ ಟೋಪಿ ಹಾಕಿಕೊಂಡು ಪುಸ್ತಕ ಹಿಡಿದು ಕೂತಿದ್ದರು. ಬಾಳ ಒಮ್ಮೆ ದ್ರಾಕ್ಷಿಯ ಕಡೆಗೆ, ಒಮ್ಮೆ ತಾಯಿಯ ಮುಖದ ಕಡೆಗೆ ನೋಡುತ್ತಿದ್ದ. ಬೀದಿಯಲ್ಲಿ ಚಪ್ಪಲಿ ಸದ್ದಾದಾಗಲೆಲ್ಲ ಆಂಟಿ ಸೆರಗು ಸರಿಮಾಡಿಕೊಂಡು ಏಳುತ್ತಿದ್ದರು. ಸದ್ದು ಮುಂದೆ ಹೋಗುತ್ತಿತ್ತು.

ನಾನು ಮನೆಗೆ ಓಡಿದೆ. ಅಮ್ಮ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಮದುವೆಗೆ ಉಡುವ ಹಸಿರು ರೇಷ್ಮೆ ಸೀರೆ, ಮುಡಿಗೆ ಕನಕಾಂಬರ. ಮಡಿಲಲ್ಲಿ ಒಂದು ಪೊಟ್ಟಣ. ಬಾಳನಿಗೆಂದು ಹೊಸ ಅಂಗಿ.

‘ಅಮ್ಮಾ ಬಾ, ಎಲ್ಲಾ ರೆಡಿಯಾಗಿದೆ.’

‘ಇರೇ, ಕರೆಯೋಕೆ ಬರ್ತಾರೆ.’

‘ಅವ್ರು ಬರಲ್ಲಮ್ಮ, ಅಲ್ಲೇ ಕೂತವ್ರೆ. ನೀನೇ ಬಾ.’

ಅಪ್ಪ ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ. ‘ಇದ್ಯಾವ ದೊಡ್ಡ ವಿಷಯ? ಹೋಗಣ ನಡಿ.’

‘ನೀವ್ ಸುಮ್ನಿರ್ರಿ. ಎದುರುಮನೆಯೋರೂ ಉಟ್ಕೊಂಡು ಕೂತವ್ರೆ, ಹೊರಟಿಲ್ಲ. ಕರೆಯೋಕೆ ಒಂದು ಹೆಜ್ಜೆ ಬರ್ಲಿಲ್ಲ, ನಾನೊಬ್ಳು ತಟ್ಟೆ ನೋಡಿ ಓಡಿ ಬಂದ್ಲು ಅನ್ನಿಸ್ಕೋಬೇಕಾ? ಇಷ್ಟು ದಿನ ನಾವು ಬೇಕಾಗಿದ್ವು, ಹೋಗೋವಾಗ ಬೇಡವಾದ್ವಾ?’ ಎಂದಳು ಅಮ್ಮ. ಕೋಪಕ್ಕಿಂತ ಅಳುವೇ ಆ ದನಿಯಲ್ಲಿ ಹೆಚ್ಚಿತ್ತು.

ನಾನು ಹೊರಗೆ ಬಂದು ನೋಡಿದೆ. ಬೀದಿಯ ಬಾಗಿಲುಗಳೆಲ್ಲ ಅರ್ಧ ತೆರೆದಿದ್ದವು. ಪ್ರತಿ ಬಾಗಿಲ ಹಿಂದೆಯೂ ಒಂದು ಒಳ್ಳೆಯ ಸೀರೆ, ಮುಡಿದ ಹೂವು. ಎಲ್ಲರೂ ಕಾಯುತ್ತಿದ್ದರು. ಆಂಟಿಯೂ ಕಾಯುತ್ತಿದ್ದರು.

ಬೆಳಕು ಕರಗಿತು. ಅಂಕಲ್ ಮೆಲ್ಲಗೆ ಮರಾಠಿಯಲ್ಲಿ ಏನೋ ಹೇಳಿದರು, ಆಂಟಿ ತಲೆಯಾಡಿಸಿದರು. ಅಂಕಲ್ ಪುಸ್ತಕ ತೆರೆದು ಓದಲು ಶುರುಮಾಡಿದರು. ಬೀಬಮ್ಮ, ಅವಳ ಅತ್ತೆ, ನಾನು ಮೂವರೇ ಒಂದು ಚಾಪೆಯ ತುದಿಯಲ್ಲಿ ಕೂತಿದ್ದೆವು. ಆಂಟಿ ಕಾಮಕಸ್ತೂರಿಯ ಕಡ್ಡಿಯನ್ನು ಒಬ್ಬೊಬ್ಬರ ಮೂಗಿನ ಹತ್ತಿರವೂ ಹಿಡಿದರು. ಕೊನೆಗೆ ಅವರು ಕನ್ನಡದಲ್ಲಿ ಹೇಳಲೆಂದೇ ಕಲಿತಿಟ್ಟುಕೊಂಡಿದ್ದ ಮಾತನ್ನು ಹೇಳಿದರು: ‘ನನ್ನ ಮಗ ನಿಮ್ಮ ಕೈಯಿಂದ ನನಗೆ ವಾಪಸು ಬಂದ.’ ಖಾಲಿ ಚಾಪೆಗಳ ಕಡೆಗೇ ನೋಡುತ್ತಾ ಹೇಳಿದರು.

ಮಲಿದಾವನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ಮನೆಮನೆಗೂ ನನ್ನ ಕೈಯಲ್ಲೇ ಕಳಿಸಿದರು. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು ತಿಂದಳು. ಬೆಳಿಗ್ಗೆ ಅವರು ಹೊರಟಾಗ ಹೆಂಗಸರು ಬಾಗಿಲಲ್ಲೇ ನಿಂತು ‘ಹೋಗ್ಬನ್ನಿ’ ಎಂದರು. ಆಂಟಿ ಕೈಮುಗಿದರು. ಅಂಗಿಯ ಪೊಟ್ಟಣವನ್ನು ಅಕ್ಕ ಓಡಿಹೋಗಿ ಬಾಳನ ಕೈಗಿಟ್ಟಳು.

ಚಾಪೆಗಳನ್ನು ಹೊತ್ತು ವಾಪಸು ಹೋಗುತ್ತಿದ್ದ ಬೀಬಮ್ಮ ನಮ್ಮ ಜಗಲಿಯ ಹತ್ತಿರ ನಿಂತಳು. ‘ಯಾಕಮ್ಮಾ ಯಾರೂ ಬರ್ಲಿಲ್ಲ? ಪಾಪ, ಆಕೆ ಎಲ್ಲಾರ್ನೂ ಕೂರ್ಸಿ ಥ್ಯಾಂಕ್ಸ್ ಹೇಳ್ಬೇಕು ಅಂತ ವಾರದಿಂದ ಕನ್ನಡ ಕಲೀತಿದ್ರು. ಕುಂಕುಮಕ್ಕೆ ಕಾದ್ರಾ? ನಂಗೂ ನಿನ್ನೆ ಹೊಳೀಲಿಲ್ಲ. ನಿಮ್ದು ಆ ಪದ್ಧತಿ ಆಕೆಗೇನು ಗೊತ್ತು?’

ಅಮ್ಮ ಜಗಲಿಯ ಮೇಲೆ ಕುಸಿದು ಕೂತಳು. ಅಪ್ಪ ಸೈಕಲ್ ಹತ್ತಿ ಬಸ್‌ಸ್ಟ್ಯಾಂಡಿಗೆ ಧಾವಿಸಿದ. ಬಸ್ಸು ಹೋಗಿಯಾಗಿತ್ತು. ‘ಒಂದು ಮಾತು ಕೇಳಿದ್ರೆ ನನ್ ಗಂಟೇನು ಹೋಗ್ತಿತ್ತು’ ಎಂದು ಅಮ್ಮ ಆಮೇಲೂ ಎಷ್ಟೋ ವರ್ಷ, ಯಾರನ್ನೂ ನೋಡದೆ ಅಂದುಕೊಳ್ಳುತ್ತಿದ್ದಳು.

ಮಕ್ಕಳೇ, ನಿಮ್ಮ ಕಾಲದಲ್ಲಿ ಇಂಥ ತಪ್ಪು ಆಗಲಾರದು ಅಂದುಕೊಂಡಿದ್ದೆ. ಕರೆಯೆಲ್ಲ ಫೋನಿಗೇ ಬರುತ್ತದೆ, ಯಾರ ಕುಂಕುಮಕ್ಕೂ ಯಾರೂ ಕಾಯುವುದಿಲ್ಲ. ಲಿಫ್ಟಿನ ಬಾಗಿಲು ಹಿಡಿದವರಿಗೂ ನೀವು ಥ್ಯಾಂಕ್ಯೂ ಎನ್ನುತ್ತೀರಿ, ಕೇಳಿದರೆ ಖುಷಿಯಾಗುತ್ತದೆ. ಆದರೆ ಹೋದ ತಿಂಗಳು ನಮ್ಮ ಮೇಲಿನ ಮನೆಯ ಹುಡುಗಿ ಆಪರೇಷನ್ ಆಗಿ ಮನೆಗೆ ಬಂದಳಲ್ಲ, ಅವಳಮ್ಮ ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರನ್ನೂ ಕರೆದಿದ್ದಳು: ನೀವೆಲ್ಲ ಸಹಾಯ ಮಾಡಿದ್ದೀರಿ, ಸಂಜೆ ಬನ್ನಿ, ಸಿಹಿ ಮಾಡಿದ್ದೇನೆ ಎಂದು. ಸ್ಕ್ರೀನಿನ ತುಂಬ ಹೂವು, ಹೃದಯ, ಮುಗಿದ ಕೈ. ನಾನೂ ಒಂದು ಕೈಮುಗಿದ ಚಿತ್ರ ಒತ್ತಿ, ಒಲೆಯ ಮೇಲಿದ್ದ ಸಾರು ನೋಡಲು ಹೋದೆ. ಎಲ್ಲರೂ ಹೋಗುತ್ತಾರಲ್ಲ ಅಂದುಕೊಂಡೆ.

ಮರುದಿನ ಆ ತಾಯಿ ಒಂದು ಡಬ್ಬಿ ತುಂಬ ಕೇಸರಿಬಾತು ತಂದುಕೊಟ್ಟಳು. ‘ತುಂಬಾ ಉಳಿದುಬಿಡ್ತು ಆಂಟಿ’ ಎಂದು ನಕ್ಕಳು. ನಾನು ಡಬ್ಬಿ ಇಸಿದುಕೊಂಡೆ. ಒಳಗೆ ಬನ್ನಿ ಎಂದು ಕರೆಯುವಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿ ಹೋಗಿದ್ದಳು.