ಹರಿಣಾಕ್ಷಿ ಹಾಕಿದ ತಡೆ

ಗುತ್ತಿಗಾರಿನ ಹರಿಣಾಕ್ಷಿಯನ್ನು ಬೈಯದವರು ನಮ್ಮಲ್ಲಿ ಯಾರೂ ಇಲ್ಲ. ಹಾಲಿನ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ, ಬಾಯಿ ಖಾರ. ಸುಮ್ಮನಿರಲಾರದೆ ಕಾಡಂಚಿನ ತೋಟಗಳಲ್ಲಿ ನಸುಕಿಗೇ ರಬ್ಬರ್ ಮರ ಕೊಯ್ದು ಹಾಲಿಳಿಸುವ ಟ್ಯಾಪರುಗಳಿಗಾಗಿ ಒಂದು ಪ್ರೋಗ್ರಾಂ ಬರೆದಳು. ಆನೆ ಎಲ್ಲಿದೆ ಎಂದು ಕೆಲವು ಸ್ವಯಂಸೇವಕರು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಪ್ರೋಗ್ರಾಂ ಅದನ್ನು ಓದಿ ನಸುಕಿನಲ್ಲಿ ಎಲ್ಲರ ಮೊಬೈಲಿಗೆ ಕಳಿಸುತ್ತದೆ. ಮೆಸೇಜ್ ಬಂದರೆ ಮನೆಯಲ್ಲಿರುವುದು. ಬಾರದಿದ್ದರೆ ಆನೆ ಇಲ್ಲವೆಂದೇ ಲೆಕ್ಕ, ತಲೆಗೆ ಲೈಟು ಕಟ್ಟಿ ಹೊರಡುವುದು. ಇದು ನಮ್ಮವರೇ ಮಾಡಿಕೊಂಡ ಕ್ರಮ.

ಜಗಳ ಹತ್ತಿದ್ದು ಆ ವೆಬ್‌ಸೈಟ್ ಆಗಾಗ ವಿಳಾಸ ಬದಲಿಸತೊಡಗಿದಾಗ. ಹಳೆಯ ವಿಳಾಸದಲ್ಲಿ ಕೇಳಿದರೆ ‘ಇಲ್ಲಿಲ್ಲ, ಅಲ್ಲಿಗೆ ಹೋಗು’ ಎಂಬ ಉತ್ತರ. ಇದಕ್ಕೆ ರೀಡೈರೆಕ್ಟ್ ಎನ್ನುತ್ತಾರೆ. ಬೇರೆ ಪ್ರೋಗ್ರಾಮುಗಳು ಹೇಳಿದ ಕಡೆ ತಾವಾಗಿ ಹೋಗುತ್ತವೆ. ಹರಿಣಾಕ್ಷಿಯದು ಅವಳು ಹಾಕಿದ ತಡೆಯಿಂದಾಗಿ ಅಲ್ಲೇ ನಿಲ್ಲುತ್ತಿತ್ತು. ಹೊಸ ವಿಳಾಸವನ್ನು ಅವಳೇ ನೋಡಿ ಒಪ್ಪುವ ತನಕ ಎಲ್ಲರಿಗೂ ‘ಗೊತ್ತಿಲ್ಲ, ಹೊರಡಬೇಡಿ’ ಎಂದು ಕಳಿಸುತ್ತಿತ್ತು. ಬಿಸಿಲೇರಿದರೆ ರಬ್ಬರ್ ಹಾಲು ಸರಿಯಾಗಿ ಇಳಿಯುವುದಿಲ್ಲ. ಜನರಿಗೆ ಮೈ ಉರಿಯಿತು.

“ಎಂತ ಅಕ್ಕ, ನಿಮ್ಮ ಅಪ್ಪಣೆ ಇಲ್ಲದೆ ನಾವು ತೋಟಕ್ಕೂ ಹೋಗುದು ಬೇಡ್ವಾ?” ಟ್ಯಾಪರುಗಳ ಮುಖಂಡ ಸುದರ್ಶನ ಅಂಗಳದಲ್ಲಿ ನಿಂತು ಕೂಗಿದ.

“ಬೇಡ,” ಎಂದಳು.

ಗಂಡ ಚನಿಯಪ್ಪನೂ ಟ್ಯಾಪರೇ. “ನಿನ್ನ ಮಿಷನಿಗೂ ನಿನ್ನದೇ ಅಹಂಕಾರ ಉಂಟು,” ಎಂದು ಊಟ ಬಿಟ್ಟೆದ್ದ. ಅವಳಿಗೆ ಸಿಟ್ಟು ನೆತ್ತಿಗೇರಿತು. “ಎಲ್ಲಿಗೆ ಬೇಕಾದ್ರೂ ಹೋಗಿ ಸಾಯಿ!” ಎಂದು ತಡೆಯನ್ನು ಕಿತ್ತುಹಾಕಿದಳು. ಪ್ರೋಗ್ರಾಂ ಆ ವೆಬ್‌ಸೈಟ್ ಹೇಳಿದಲ್ಲಿಗೆಲ್ಲ ತಾನಾಗಿ ಹೋಗತೊಡಗಿತು. ಎಲ್ಲರಿಗೂ ಖುಷಿ.

ಕೆಲವೇ ದಿನಗಳಲ್ಲಿ ವೆಬ್‌ಸೈಟಿನವರು ದುರಸ್ತಿಗೆ ಇಳಿದು, ಬಂದವರನ್ನೆಲ್ಲ ‘ಕೆಲಸ ನಡೆಯುತ್ತಿದೆ’ ಎಂಬ ಒಂದು ಸಾಲಿನ ಪುಟಕ್ಕೆ ಕಳಿಸಿದರು. ಪ್ರೋಗ್ರಾಂ ಅಲ್ಲಿಗೆ ಹೋಗಿ ಓದಿತು. ಆನೆಯ ಸುದ್ದಿ ಇಲ್ಲ, ಹಾಗಾಗಿ ಮೆಸೇಜೂ ಇಲ್ಲ. ಚನಿಯಪ್ಪ ಲೈಟು ಕಟ್ಟಿ ಹೊರಟ. ಆನೆ ತೋಟದೊಳಗೇ ನಿಂತಿತ್ತು. ಓಡುವಾಗ ತೋಟದಂಚಿಗೆ ತೋಡಿದ ಆಳದ ಅಗಳಿಗೆ ಬಿದ್ದು ಅವನ ಕಾಲು ಮುರಿಯಿತು.

ಆಸ್ಪತ್ರೆಗೆ ಬಂದ ಸುದರ್ಶನ “ಮೆಸೇಜೇ ಬರ್ಲಿಲ್ಲಲ್ಲ ಅಕ್ಕ” ಎಂದ. ಥೂ, ನಾಚಿಕೆಗೆಟ್ಟವನು! ಹರಿಣಾಕ್ಷಿ ಮನೆಗೆ ಬಂದು ತಡೆಯನ್ನು ಮತ್ತೆ ಹಾಕಿದಳು.

ಮೊನ್ನೆ ಪುನಃ ಎಲ್ಲರಿಗೂ ‘ಗೊತ್ತಿಲ್ಲ, ಹೊರಡಬೇಡಿ’ ಹೋಯಿತು. ಕೂಡಲೇ ಸುದರ್ಶನನ ಫೋನು. “ಪುನಃ ಶುರುವಾಯ್ತಾ ನಿಮ್ಮದು? ನಾವು ತೋಟಕ್ಕೆ ಹೋಗುದು ಯಾವಾಗ?”

ಅವಳು ಫೋನನ್ನು ಮಂಚದಲ್ಲಿ ಮಲಗಿದ್ದ ಗಂಡನ ಕೈಗೆ ಕೊಟ್ಟಳು.

“ನನ್ನ ಕಾಲು ನೆಲಕ್ಕೆ ಊರ್ಲಿ ಮಾರಾಯ,” ಎಂದ ಚನಿಯಪ್ಪ. “ಒಟ್ಟಿಗೇ ಹೋಗುವ.”