ಹೋಲಿಕೆಗೆ ಬಿಟ್ಟ ಕುರಿಗಳು

ಕಾಗದದ ಒಂದೇ ಮಗ್ಗುಲಿಗೆ ಬರೆಯತಕ್ಕದ್ದು, ಇನ್ನೊಂದು ಮಗ್ಗುಲನ್ನು ಖಾಲಿ ಬಿಡತಕ್ಕದ್ದು ಎಂಬ ಶಾಸ್ತ್ರಪತ್ರಿಕೆಯ ಸೂಚನೆಯನ್ನು ನನ್ನ ಹೆಂಡತಿ ನೀಲವ್ವ ಬಹಳ ಹೊತ್ತು ನಂಬಲಿಲ್ಲ. ನಮ್ಮದು ಗೋಕಾಕದ ಅರಳೆ ವ್ಯಾಪಾರದ ಮನೆತನ. ಅಲ್ಲಿ ಕಾಗದವೆಂದರೆ ಎರಡೂ ಮಗ್ಗುಲು ಬರೆದು, ಅಂಚಿನಲ್ಲೂ ಅಡ್ಡಡ್ಡ ಬರೆದು, ಆಮೇಲೆ ಜೀರಿಗೆ ಕಟ್ಟಿ, ಜೀರಿಗೆ ತೀರಿದ ಮೇಲೆ ಒಲೆ ಹೊತ್ತಿಸಲು ಬಳಸುವ ವಸ್ತು. ಅಂಥ ಮನೆಗೆ ಸೊಸೆಯಾಗಿ ಬಂದವಳ ಮುಂದೆ ನಾನು ಹಾಲಿನಂಥ ಹಾಳೆಗಳ ಕಟ್ಟನ್ನಿಟ್ಟು, ಅರ್ಧದಷ್ಟನ್ನು ಬೇಕೆಂದೇ ಹಾಳುಮಾಡು ಎಂದರೆ ಅವಳಾದರೂ ಏನು ಮಾಡಿಯಾಳು?

"ಈ ಕಡೆ ಏನ ಬರೀಬೇಕ್ರಿ?" ಎಂದು ಹಾಳೆ ತಿರುವಿ ಕೇಳಿದಳು.

"ಏನೂ ಇಲ್ಲ."

"ಏನೂ ಇಲ್ಲದ್ದನ್ನ ಅಷ್ಟ ದೂರ ಕಳಸೂದ್ಯಾಕ್ರಿ?"

ನಾನು ನಕ್ಕೆ. ಆಗ ನಗುವುದು ಸುಲಭವಾಗಿತ್ತು. ವಿದ್ವತ್ತಿನ ಲೋಕದಲ್ಲಿ ಎಷ್ಟು ಬರೆದೆ ಎಂಬುದಕ್ಕಿಂತ ಎಷ್ಟನ್ನು ಖಾಲಿ ಬಿಟ್ಟೆ ಎಂಬುದೇ ಕೊನೆಗೆ ಲೆಕ್ಕಕ್ಕೆ ಬರುತ್ತದೆಂದು ನನಗಿನ್ನೂ ತಿಳಿದಿರಲಿಲ್ಲ.

ಇದು ಯುದ್ಧಕ್ಕೆ ಮೊದಲಿನ ಮಾತು, ಗೆಳೆಯ. ನಾನು ಆಗ ಗೋಕಾಕ ಸೀಮೆಯ ದನದ ಡಾಕ್ಟರ. ಮುಂಬಯಿಯಲ್ಲಿ ಓದಿ ಬಂದ ಮಗ ಮನುಷ್ಯರ ಡಾಕ್ಟರನಲ್ಲ ಎಂಬುದನ್ನು ಅಪ್ಪ ಅಂಗಡಿಗೆ ಬಂದವರಿಗೆ ಹೇಳುತ್ತಿರಲಿಲ್ಲ. 'ಡಾಕ್ಟರ' ಎಂಬಲ್ಲಿಗೆ ಮಾತು ನಿಲ್ಲಿಸಿ ತಕ್ಕಡಿಯತ್ತ ತಿರುಗುತ್ತಿದ್ದರು. ಕೊರಳಲ್ಲಿ ಲಿಂಗವಿರುವ ಮೈ ಸತ್ತ ಕುರಿಯ ಹೊಟ್ಟೆ ಕೊಯ್ದು ಬಂದಿದೆಯೆಂದು ಅವ್ವ ಹಿತ್ತಲಲ್ಲೇ ನೀರು ಕಾಸಿಟ್ಟು, ನಾನು ಮಿಂದು ಬರುವ ತನಕ ಪಡಸಾಲೆಯ ಬಾಗಿಲು ತೆರೆಯುತ್ತಿರಲಿಲ್ಲ. ಇಬ್ಬರ ಮೇಲೂ ನನಗೆ ಸಿಟ್ಟಿರಲಿಲ್ಲ. ನನ್ನ ಹೆಸರು ಒಮ್ಮೆ ದೊಡ್ಡ ಶಾಸ್ತ್ರಪತ್ರಿಕೆಯಲ್ಲಿ ಅಚ್ಚಾಗಲಿ, ಅಪ್ಪನ ಮಾತು ತಾನಾಗಿ ಪೂರ್ತಿಯಾಗುತ್ತದೆ, ಅವ್ವನ ಬಾಗಿಲು ತಾನಾಗಿ ತೆರೆಯುತ್ತದೆ ಎಂದು ನಂಬಿದ್ದೆ.

ಬರೆಯಲು ನನ್ನಲ್ಲಿ ವಿಷಯವೂ ಇತ್ತು. ಧುಪದಾಳದ ಒಡ್ಡಿನ ಹಿಂದೆ ಘಟಪ್ರಭೆಯ ನೀರು ಮೈಚಾಚಿ ನಿಲ್ಲುತ್ತದೆ. ಮಳೆಗಾಲ ಬಂತೆಂದರೆ ಆ ಅಂಚಿನುದ್ದಕ್ಕೂ ಎಳೆಯ ಹುಲ್ಲು ಎಷ್ಟು ಸೊಂಪಾಗಿ ಏಳುತ್ತದೆಂದರೆ, ಬೇಸಗೆಯಿಡೀ ಒಣಕಡ್ಡಿ ಕಡಿದ ಕುರಿಗಳು ಅಲ್ಲಿಂದ ತಲೆ ಎತ್ತುವುದೇ ಇಲ್ಲ. ಹಸಿ ಹುಲ್ಲಿನೊಡನೆ ಹುಳುವಿನ ಮರಿಗಳೂ ಹೊಟ್ಟೆ ಸೇರುತ್ತವೆ. ತಿಂಗಳೊಪ್ಪತ್ತಿನಲ್ಲಿ ಕುರಿಯ ಕಣ್ಣರೆಪ್ಪೆ ಮಡಚಿ ನೋಡಿದರೆ ಒಳಗೆ ಸುಣ್ಣದ ಗೋಡೆಯ ಬಿಳುಪು. ಗದ್ದದ ಕೆಳಗೆ ನೀರಿನ ಚೀಲದಂತೆ ಜೋತ ಬಾವು. ಆಮೇಲೊಂದು ಬೆಳಗ್ಗೆ ಹಿಂಡು ಎದ್ದಾಗ ಅದು ಏಳುವುದಿಲ್ಲ. ಕೊಯ್ದರೆ ಜಠರದ ತುಂಬ ದಾರದೆಳೆಯಂಥ ಹುಳುಗಳು.

ಮಸಗುಪ್ಪಿಯ ಕಡೆಯಿಂದ ಹಿಂಡು ಹೊಡೆದುಕೊಂಡು ಬರುತ್ತಿದ್ದ ಲಗಮವ್ವ ಎಂಬ ಕುರುಬರ ಹೆಂಗಸು ಕುರಿ ಕೂಡುತ್ತಿದ್ದ ದಡ್ಡಿಯಲ್ಲಿ ಒಂದು ಮಳೆಗಾಲ ಇಂಥ ಸಾವು ಎಡೆಬಿಡದೆ ನಡೆಯಿತು. ಗಂಡ ತೀರಿದ ಮೇಲೆ ಹಿಂಡನ್ನು ತಾನೇ ಕಾಯುತ್ತಿದ್ದವಳು; ಎತ್ತರದ ಆಳು, ಮಾತು ಕಡಿಮೆ. ಮರುವರ್ಷ ಮಳೆ ಹಿಡಿಯುವ ಮೊದಲೇ ನಾನು ಮೈಲುತುತ್ತದ ನೀರಿಗೆ ನಿಪ್ಪಾಣಿ ತಂಬಾಕಿನ ಕಷಾಯ ಬೆರೆಸಿ ಅವಳ ಅಷ್ಟೂ ಕುರಿಗಳಿಗೆ ಕುಡಿಸಿದೆ. ಹಸಿ ಹುಲ್ಲಿಗೆ ಇಳಿದ ಮೇಲೆ ಮತ್ತೆ ಮತ್ತೆ ಕುಡಿಸಿದೆ. ಔಷಧ ಹೊಸದಲ್ಲ. ಎಷ್ಟು ಬೆರೆಸಬೇಕು, ಯಾವಾಗ ಕೊಡಬೇಕು ಎಂಬುದಷ್ಟೇ ನನ್ನ ಪ್ರಯತ್ನ. ಆ ವರ್ಷ ಸುತ್ತಲಿನ ಹಿಂಡುಗಳು ಎಂದಿನಂತೆ ನರಳಿದವೋ ಇಲ್ಲವೋ ನೋಡಿಕೊಳ್ಳಲು ನನಗೆ ಪುರುಸೊತ್ತಿರಲಿಲ್ಲ. ಲಗಮವ್ವನ ಹಿಂಡು ಮಾತ್ರ ದೀಪಾವಳಿಗೆ ಕೊಬ್ಬಿ ನಿಂತಿತ್ತು. ಅವಳು ತನ್ನ ಕೈಯಿಂದ ನೂತ ಉಣ್ಣೆಯ ಕಂಬಳಿಯೊಂದನ್ನು ನನ್ನ ಸೈಕಲ್ಲಿನ ಮೇಲೆ ಹಾಕಿ ಹೋದಳು.

ಆ ಸಂತೋಷದಲ್ಲೇ ಬರೆಯಲು ಕುಳಿತೆ. ಇಂಗ್ಲಿಷಿನಲ್ಲಿ ಶಾಸ್ತ್ರ ಬರೆಯುವುದು ವಿಚಿತ್ರ ಕಲೆ. ಅಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವೂ ತಮ್ಮಷ್ಟಕ್ಕೆ ಮಾಡಲ್ಪಡುತ್ತವೆ. ಕುರಿಗಳನ್ನು ಹಿಡಿಯಲಾಯಿತು; ಔಷಧವನ್ನು ಕುಡಿಸಲಾಯಿತು; ಸುಧಾರಣೆಯನ್ನು ಕಾಣಲಾಯಿತು. ನೀಲವ್ವ ಬೆಳಗಾವಿಯಲ್ಲಿ ಇಂಗ್ಲಿಷ್ ಸಾಲಿ ಕಲಿತವಳು, ಅಕ್ಷರ ಮುತ್ತಿನಂಥದ್ದು. ಶುದ್ಧಪ್ರತಿ ಮಾಡುವ ಕೆಲಸ ಅವಳದಾಗಿತ್ತು. ಒಂದು ಮಧ್ಯಾಹ್ನ ಲೇಖನಿ ಕೆಳಗಿಟ್ಟು ಕೇಳಿದಳು:

"ಕುಡಿಸಲಾಯಿತು ಅಂತ ಬರದೀರಿ. ಕುರಿ ಬಾಯಿ ಹಿಡದಾಕಿ ಲಗಮವ್ವ, ಹೌದಲ್ರಿ? ಆಕಿ ಹೆಸರ ಎಲ್ಲೂ ಇಲ್ಲ. ನಿಮ್ಮ ಹೆಸರೂ ಮ್ಯಾಲ ಒಂದ ಕಡೆ ಬಿಟ್ರ ಒಳಗ ಇಲ್ಲ. ಇದೆಲ್ಲಾ ಯಾರು ಮಾಡಿದ್ರು ಅಂತ ಓದಿದವರಿಗೆ ಹೆಂಗ ತಿಳೀಬೇಕು?"

"ಯಾರು ಮಾಡಿದರೂ ಹೀಗೇ ಆಗುತ್ತದೆ ಎಂದು ತಿಳಿಯಬೇಕು, ಅದಕ್ಕೇ ಹಾಗೆ," ಎಂದೆ. ಉತ್ತರ ಸರಿಯಾಗಿಯೇ ಇತ್ತು. ಈಗಲೂ ಸರಿಯೆಂದೇ ಅನ್ನುತ್ತೇನೆ. ಆದರೆ ಅವಳು ತಲೆಯಾಡಿಸಿದ ರೀತಿ, ಅಂಗಡಿಯಲ್ಲಿ ಬಣ್ಣ ಬಿಡುವ ಸೀರೆಯನ್ನು ಹಿಂದಕ್ಕೆ ಸರಿಸುವವಳ ಹಾಗಿತ್ತು.

ಹುಳುವಿನ ಚಿತ್ರಗಳನ್ನು ಇಂಡಿಯನ್ ಇಂಕಿನಲ್ಲಿ ಬರೆದೆ. ಕೋಷ್ಟಕಗಳಿಗೆ ಗೆರೆ ಎಳೆದೆ. ಹಿಂದಿನ ವಿದ್ವಾಂಸರ ಹೆಸರುಗಳನ್ನು ಅಕ್ಷರಕ್ರಮದಲ್ಲಿ ಕೂರಿಸಿದೆ. ಲಕೋಟೆಗೆ ಅರಗು ಒತ್ತಿ ಅಂಚೆಗೆ ಹಾಕಿದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದರು.

ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಹಸ್ತಪ್ರತಿ ಹಿಂದಿರುಗಿತು. ಸಂಪಾದಕರು ಒಳ್ಳೆಯ ಮನುಷ್ಯರು. ಚಿತ್ರಗಳನ್ನು ಹೊಗಳಿದ್ದರು, ಅಕ್ಷರವನ್ನೂ ಹೊಗಳಿದ್ದರು. ಆಮೇಲೆ ಒಂದೇ ಪ್ರಶ್ನೆ: ಔಷಧ ಕುಡಿಸದ ಕುರಿಗಳು ಎಲ್ಲಿ? ಹಿಂದಿನ ವರ್ಷದ ಸಾವನ್ನು ಈ ವರ್ಷದ ಉಳಿವಿನ ಪಕ್ಕದಲ್ಲಿಟ್ಟು ನೋಡುವಂತಿಲ್ಲ. ಮಳೆ ಬೇರೆ, ಹುಲ್ಲು ಬೇರೆ. ಅದೇ ಹಿಂಡನ್ನು ಅದೇ ಮಳೆಗಾಲದಲ್ಲಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಔಷಧ ಕೊಟ್ಟು ಇನ್ನೊಂದನ್ನು ಹೋಲಿಕೆಗೆಂದು ಹಾಗೇ ಬಿಟ್ಟು ಫಲ ತಿಳಿಸಿದರೆ, ಲೇಖನವನ್ನು ಸಂತೋಷದಿಂದ ಅಚ್ಚು ಮಾಡಲಾಗುವುದು.

ಹಾಗೆ ಬಿಟ್ಟ ಪಾಲಿಗೆ 'ಕಂಟ್ರೋಲ್' ಎಂದು ಹೆಸರು. ಆಮೇಲೆ ಯುದ್ಧ ಬಂದು ಕಂಟ್ರೋಲ್ ಜೋಳ, ಕಂಟ್ರೋಲ್ ಸಕ್ಕರೆ, ಕಂಟ್ರೋಲ್ ಸೀಮೆಎಣ್ಣೆ ಎಂದು ಆ ಶಬ್ದ ಹೆಂಗಸರು ಮಕ್ಕಳ ಬಾಯಿಗೂ ಬಂತು. ಸರದಿಯಲ್ಲಿ ನಿಂತವರಿಗೆ ಅದರ ಅರ್ಥ 'ನಿನ್ನ ಪಾಲಿಗೆ ಇಲ್ಲ' ಎಂದು ಬೇಗ ತಿಳಿಯಿತು. ಕುರಿಗಳಿಗೆ ಅದು ಅವರಿಗಿಂತ ಮೊದಲೇ ಬಂದಿತ್ತು.

ಸಂಪಾದಕರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ. ಹುಲ್ಲು ಆ ವರ್ಷ ಸೌಮ್ಯವಾಗಿದ್ದಿರಬಹುದು. ನನ್ನ ಕಷಾಯ ಬರಿಯ ನಾರುವ ನೀರಾಗಿದ್ದಿರಬಹುದು. ನಾನು ಲಗಮವ್ವನ ದಡ್ಡಿಗೆ ಹೋದೆ. ಅವಳು ಮುಳ್ಳಿನ ಬೇಲಿಯೊಳಗೆ ಕುಂಟುವ ಕುರಿಯೊಂದರ ಗೊರಸು ಕೆತ್ತುತ್ತಿದ್ದಳು. ನಾನು ಸುತ್ತಿ ಬಳಸಿ, ಶಾಸ್ತ್ರ, ಸರಕಾರ, ಲೋಕಕ್ಕಾಗುವ ಉಪಕಾರ ಎಲ್ಲ ಹೇಳಿ ಮುಗಿಸಿದೆ. ಅವಳು ಕುರಿಯ ಕಾಲು ಬಿಟ್ಟಳು.

"ಹಂಗಂದ್ರ ಅರ್ಧಕ್ಕ ಕುಡಿಸೂದು, ಅರ್ಧಕ್ಕ ಬಿಡೂದು."

"ಹೌದವ್ವ."

"ಬಿಟ್ಟೂವು ಸಾಯತಾವೇನ್ರಿ?"

"ಸಾಯಬಹುದು. ಸಾಯದೆಯೂ ಇರಬಹುದು. ಅದನ್ನೇ ತಿಳಿಯಬೇಕಾಗಿದೆ."

"ನಿಮಗ ತಿಳಿದಿಲ್ಲೇನ್ರಿ? ನಂಗ ತಿಳದೈತಿ." ಅವಳು ಎದ್ದು ನಿಂತು ದಡ್ಡಿಯ ಕಡೆ ಕೈ ತೋರಿಸಿದಳು. ಸಂಜೆಯ ಬಿಸಿಲಿಗೆ ಕುರಿಗಳು ಒಂದರ ಕೊರಳ ಮೇಲೊಂದು ಕೊರಳಿಟ್ಟು ನಿಂತಿದ್ದವು. "ಆತು. ಯಾವು ಸಾಯಬೇಕಂತ ನೀವ ಬಟ್ಟ ಮಾಡಿ ತೋರಸ್ರಿ ಸಾಹೇಬ್ರ. ನೀವು ತೋರಿಸಿದ್ದನ್ನ ನಾ ಬಾಜೂಕ ಕಟ್ಟತೇನಿ."

ಗೆಳೆಯ, ತೋರಿಸುವುದು ಕಷ್ಟವೇನಲ್ಲ. ಚೀಟಿ ಎತ್ತಬಹುದು; ಸಾಲಾಗಿ ನಿಲ್ಲಿಸಿ ಒಂದು ಬಿಟ್ಟು ಒಂದನ್ನು ಬೇರೆ ಮಾಡಬಹುದು; ಪುಸ್ತಕದಲ್ಲಿ ಅದಕ್ಕೂ ವಿಧಾನವಿದೆ. ನಾನು ಕೈ ಎತ್ತಲಿಲ್ಲ. ಆ ವರ್ಷವೂ ಎಲ್ಲ ಕುರಿಗಳಿಗೂ ಔಷಧ ಕುಡಿಸಿ ಬಂದೆ.

ಹುಕ್ಕೇರಿ ಸೀಮೆಯಲ್ಲಿ ಕೆಲಸಕ್ಕಿದ್ದ ನನ್ನ ಸಹಪಾಠಿ ವಸಂತರಾವ್ ಈ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕ. ಊಟಕ್ಕೆ ನಮ್ಮ ಮನೆಗೆ ಬಂದಿದ್ದವನು ಹಸ್ತಪ್ರತಿಯನ್ನು ತಿರುವಿ ನೋಡುತ್ತ, "ಇದಕ್ಯಾಕ ಇಷ್ಟ ತಲಿ ಕೆಡಿಸ್ಕೊಂಡಿ? ಆಚಿ ವರ್ಷ ಸತ್ತವಲ್ಲ, ಅವನ್ನ ಈ ವರ್ಷಕ್ಕ ತಂದು ಬರಿ. ಸತ್ತ ಕುರಿ ಎದ್ದ ಬಂದು ಸಾಕ್ಷಿ ಹೇಳ್ತಾವೇನು?" ಎಂದ.

"ಅದು ಸುಳ್ಳಾಗುತ್ತದೆ."

"ಹಂಗಾರ ಖರೇನ ಬಿಡು ಅರ್ಧ ಹಿಂಡು."

"ಅದೂ ನನ್ನಿಂದ ಆಗುವುದಿಲ್ಲ."

ಅವನ ನಗು ನಿಂತಿತು. "ಸುಳ್ಳು ಬರಿಯಾಕ ಒಲ್ಲಿ, ಖರೆ ಮಾಡಾಕೂ ಒಲ್ಲಿ. ನಿನ್ನಂಥಾಂವಗ ಈ ಶಾಸ್ತ್ರ ಯಾಕ ಬೇಕಾಗಿತ್ತೋ?" ಎಂದ. ನೀಲವ್ವ ಬಡಿಸಲು ಬಂದವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.  ಆ ಪ್ರಶ್ನೆಯನ್ನು ತಲೆ ಹಣ್ಣಾದ ಮೇಲೂ ಕೇಳಿಕೊಳ್ಳುತ್ತೇನೆ.

ಇದ್ದುದನ್ನು ಇದ್ದಂತೆ ಬರೆದು ಮತ್ತೆ ಕಳಿಸಿದೆ. ಹೋಲಿಕೆಯ ಪಾಲಿಲ್ಲ, ಮಾಡುವ ಮನಸ್ಸೂ ಇಲ್ಲ ಎಂದು ಒಕ್ಕಣೆ ಸೇರಿಸಿದೆ. ವಿಷಾದದೊಂದಿಗೆ ಹಿಂದಿರುಗಿಸಿದರು.

ವಸಂತರಾವ್ ಸುಳ್ಳು ಬರೆಯಲಿಲ್ಲ. ಬೇಕಾದರೆ ಬರೆಯಬಲ್ಲವನಂತೆ ಮಾತಾಡಿದವನು, ಮುಂದಿನ ಮಳೆಗಾಲ ಘೋಡಗೇರಿಯ ಬಯಲಿನಲ್ಲಿ ಪ್ರಯೋಗವನ್ನು ಅಚ್ಚುಕಟ್ಟಾಗಿ ಮಾಡಿ ಮುಗಿಸಿದ. ಹಿಂಡು ಪೇಟೆಯಲ್ಲಿ ಕುಳಿತ ಸಾಹುಕಾರನದು. ಕಾಯುವವನು ಸಂಬಳದ ಆಳು. ಒಪ್ಪಿಗೆ ಕೇಳಬೇಕಾದದ್ದು ಸಾಹುಕಾರನನ್ನು, ಅವನು ಒಪ್ಪಿದ. ಅರ್ಧ ಕುರಿಗಳ ಬೆನ್ನಿಗೆ ಕೆಂಪು ಬಣ್ಣ ಬಳಿದು ಅವನ್ನು ಹಾಗೇ ಬಿಟ್ಟರು. ಲೇಖನ ಅಚ್ಚಾಯಿತು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಮೊದಲ ಸುಳಿವು ಕೊಟ್ಟ ಗೋಕಾಕದ ಮಿತ್ರನಿಗೆ ವಂದನೆಯೂ ಇತ್ತು. ಓದಿದೆ. ಒಳ್ಳೆಯ ಲೇಖನ. ನನ್ನದರಲ್ಲಿ 'ಇರಬಹುದು' ಎಂದಿದ್ದ ಕಡೆಯೆಲ್ಲ ಅದರಲ್ಲಿ 'ಇದೆ' ಎಂದಿತ್ತು, ಹಾಗೆನ್ನುವ ಹಕ್ಕು ಅದಕ್ಕಿತ್ತು.

 ಆ ಲೇಖನವನ್ನು ಮೇಲಿನವರು ಓದಿದರು, ಕರಪತ್ರ ಹೊರಡಿಸಿದರು. ಮಳೆಗಾಲದ ಮೊದಲೇ ನನ್ನ ದವಾಖಾನೆಗೂ ಪೆಟ್ಟಿಗೆ ಪೆಟ್ಟಿಗೆ ಔಷಧ ಬಂದಿಳಿಯಿತು. ಗೋಕಾಕ, ಮೂಡಲಗಿ, ಹುಕ್ಕೇರಿಯ ಕುರುಬರು ಸೀಸೆ ಹಿಡಿದು ಬಾಗಿಲಿಗೆ ಬಂದರು, ಹಿಂಡುಗಳು ಉಳಿದವು. ನನ್ನ ಕರುಣೆ ಉಳಿಸಿದ್ದು ಲಗಮವ್ವನ ಒಂದು ಹಿಂಡನ್ನು. ವಸಂತರಾವ್ ಸಾಯಬಿಟ್ಟ ಕುರಿಗಳು ಉಳಿಸಿದ್ದು ಸೀಮೆಗೆ ಸೀಮೆಯನ್ನೇ. ಅವನನ್ನು ಕ್ರೂರಿ ಎನ್ನಲು ನನಗೆ ಬಾಯಿಲ್ಲ. ನನ್ನನ್ನು ದಯಾವಂತ ಎಂದುಕೊಳ್ಳಲು ನಾಚಿಕೆ. ಅಪ್ಪ ಕೊನೆಯವರೆಗೂ 'ಡಾಕ್ಟರ' ಎಂಬಲ್ಲಿಗೇ ನಿಲ್ಲಿಸಿದರು.

ಔಷಧ ಹಂಚುತ್ತಿದ್ದ ಒಂದು ದಿನ, ಜನ ಕರಗಿದ ಮೇಲೆ, ನಡುವಯಸ್ಸಿನ ಕುರುಬನೊಬ್ಬ ದವಾಖಾನೆಯ ಕಟ್ಟೆ ಹತ್ತಿ ಬಂದ. ಹೆಸರು ಸಿದ್ದಪ್ಪ. ಘೋಡಗೇರಿಯಲ್ಲಿ ಸಾಹುಕಾರನ ಹಿಂಡು ಕಾಯುತ್ತಿದ್ದೆ, ಅದನ್ನು ಬಿಟ್ಟು ಈಗ ಈ ಕಡೆ ಬೇರೆಯವರ ಕುರಿ ಕಾಯುತ್ತೇನೆ ಎಂದ. ನಾನು ಕೊಟ್ಟ ಸೀಸೆಯ ಬಿರಡೆ ತೆಗೆದು ಮೂಸಿ ನೋಡಿದ. ಬಹಳ ಹೊತ್ತು ಮೂಸಿದ.

"ಇದ ವಾಸನಿ ಐತ್ರಿ," ಎಂದ. "ಆ ಡಾಕ್ಟರಸಾಹೇಬ್ರು ಅರ್ಧ ಕುರಿಗೆ ಇದನ್ನ ಕುಡಸ್ತಿದ್ರು. ಕೆಂಪ ಬಣ್ಣದವಕ್ಕ ಬ್ಯಾಡ ಅಂದ್ರು. ಔಷಧ ಸಾಲೂದಿಲ್ಲೇನೋ, ಮುಂದ ಬರತೈತೇನೋ ಅಂತ ನಾ ತಿಳದಿದ್ನಿ. ಒಂದ ಮರಿ ಇತ್ರಿ, ನನ್ನ ಕೈಯಾಗ ಹುಲ್ಲ ತಿನ್ನೂದು. ಅದಕ್ಕೂ ಕೆಂಪ ಹಚ್ಚಿದ್ರು. ದಿನಾ ಕೇಳತಿದ್ನಿ, ಬಂತೇನ್ರಿ ಔಷಧ, ಬಂತೇನ್ರಿ ಅಂತ." ಸೀಸೆಯನ್ನು ಬೆಳಕಿಗೆ ಹಿಡಿದ. "ಆವಾಗ ಇದು ಇತ್ತೇನ್ರಿ? ಖರೆ ಹೇಳ್ರಿ."

"ಇತ್ತು," ಎಂದೆ.

"ಆ ಮರಿಗಾಗೂವಷ್ಟು ಇತ್ತೇನ್ರಿ?"

"ಇತ್ತು."

ಅವನು ಸಿಟ್ಟಾಗಲಿಲ್ಲ, ಯಾಕೆಂದು ಕೇಳಲೂ ಇಲ್ಲ. ಕೇಳಿದ್ದರೆ ಹೇಳಲು ನನ್ನ ಬಳಿ ಕಾರಣವಿತ್ತು, ಒಳ್ಳೆಯ ಕಾರಣವೇ ಇತ್ತು. ಬಿರಡೆಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಿ ಸೀಸೆಯನ್ನು ಕಂಬಳಿಯೊಳಗೆ ಇಟ್ಟುಕೊಂಡು, ಇನ್ನೊಂದು ಕೈಯನ್ನು ನನ್ನ ಮುಂದೆ ಚಾಚಿದ.

"ಇನ್ನೊಂದ ಸೀಸೆ ಕೊಡ್ರಿ," ಎಂದ. "ಎಲ್ಲಾವಕ್ಕೂ ಕುಡಸಾಂವ ನಾ. ಒಂದೂ ಬಿಡೂದಿಲ್ಲ."

ಕೊಟ್ಟೆ. ಅವನು ಕಟ್ಟೆಯಿಳಿದು ಹೋಗುವಾಗ ತಿರುಗಿ ನೋಡಲಿಲ್ಲ.